ಪುಸ್ತಕವೂ ಚಿಂದಿಯ ಚೀಲವೂ

ಈ ಸ್ಮರಣ ಸಂಚಿಕೆಯ ಸಂಪಾದಕ ಮಂಡಲಿಯವರು ಪರೀಕ್ಷಾ ಫಲಿತಾಂಶಗಳ ವಿಷಯವಾಗಿಯಾಗಲಿ, ಹೊಸ ಕಟ್ಟಡದ ನಿಧಿಯ ವಿಷಯವಾಗಿಯಾಗಲಿ ನಾಲ್ಕು ಮಾತು ಬರೆದುಕೊಡಬೇಕೆಂದು ನನ್ನನ್ನು ಕೇಳಿಕೊಂಡಿದ್ದರು. ಆ ಎರಡು ವಿಷಯಗಳ ವರದಿಗಳೂ ಬೇರೆ ಪುಟಗಳಲ್ಲಿ ಬರುವವಾದ್ದರಿಂದ, ಅವುಗಳನ್ನು ಬಿಟ್ಟು, ಕೆಲವು ವರ್ಷಗಳಿಂದ ಪಾಲಕರಿಗೂ ನನಗೂ ನಡುವೆ ಚರ್ಚೆಯಲ್ಲಿರುವ ಒಂದು ಸಣ್ಣ ಸಂಗತಿಯನ್ನೇ ಎತ್ತಿಕೊಳ್ಳುತ್ತೇನೆ. ಪ್ರತಿ ವರ್ಷ ನವಂಬರ ತಿಂಗಳ ಗ್ರಂಥಾಲಯ ಸಪ್ತಾಹದಲ್ಲಿ ನಮ್ಮ ಶಾಲೆಯಲ್ಲಿ ನಡೆಯುವ ಪುಸ್ತಕದ ಹಬ್ಬವೇ ಆ ಸಂಗತಿ. ಆ ದಿವಸ ಹುಡುಗಿಯರು ತಾವು ಓದಿದ ಕತೆಗಳ ಪಾತ್ರಗಳಾಗಿ ವೇಷ ಕಟ್ಟುತ್ತಾರೆ. ನೂಲಿನಿಂದಲೂ ರಟ್ಟಿನಿಂದಲೂ ಪುಟಗುರುತುಗಳನ್ನು ಮಾಡುತ್ತಾರೆ. ಕತೆಯಲ್ಲಿ ಬಂದ ತಿಂಡಿಯನ್ನು ಮನೆಯಲ್ಲಿ ಮಾಡಿ ಡಬ್ಬಿಯಲ್ಲಿ ತರುತ್ತಾರೆ. ಆ ದಿನ ಪಾಠಗಳು ನಡೆಯುವುದಿಲ್ಲ, ಗದ್ದಲವಂತೂ ಬೇಕಾದಷ್ಟು.

ಪಾಲಕರಲ್ಲೊಬ್ಬರು ಈ ಹಬ್ಬದ ಮರುದಿನ ನನಗೊಂದು ಪತ್ರ ಬರೆದರು. ಪತ್ರವು ಸಭ್ಯವಾಗಿತ್ತು, ಆದರೆ ಖಾರವಾಗಿಯೂ ಇತ್ತು. ಮಗಳನ್ನು ತಾವು ಶಾಲೆಗೆ ಕಳುಹಿಸಿದ್ದು ಓದಲಿಕ್ಕೆಂದು, ವೇಷ ಕಟ್ಟಲಿಕ್ಕಲ್ಲವೆಂದೂ, ಪುಸ್ತಕವನ್ನು ಗೌರವಿಸುವ ರೀತಿ ಅದನ್ನು ಓದುವುದೇ ಹೊರತು ಅದರ ಹೆಸರಿನಲ್ಲಿ ಲಾಡು ಕಟ್ಟುವುದಲ್ಲವೆಂದೂ ಅವರು ತಿಳಿಸಿದ್ದರು. ಅದೇ ವರ್ಷ, ಇಂಗ್ಲೆಂಡಿನಲ್ಲಿ ಸಂಸಾರ ಹೂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದಲೂ ಒಂದು ಪತ್ರ ಬಂತು. ಅಲ್ಲಿಯ ಶಾಲೆಗಳಲ್ಲಿ ಮಾರ್ಚ್ ತಿಂಗಳ ಮೊದಲ ಗುರುವಾರ ನಡೆಯುವ ಪುಸ್ತಕದ ದಿನಕ್ಕೆ ಮಗನಿಗೆ ವೇಷ ಹೊಂದಿಸುವುದರಲ್ಲಿ ತಾನು ಹಣ್ಣಾದೆನೆಂದೂ, ‘ನಮ್ಮ ಶಾಲೆಯಲ್ಲಿ ಇಂಥ ಪೀಡೆ ಇರಲಿಲ್ಲವಲ್ಲ ಟೀಚರ್’ ಎಂದೂ ಬರೆದಿದ್ದಳು. ಪೀಡೆಯು ನಮ್ಮ ಶಾಲೆಗೂ ಬಂದಿದೆಯೆಂದು ನಾನು ಅವಳಿಗೆ ಉತ್ತರ ಬರೆಯಬೇಕಾಯಿತು.

ಇವರಿಬ್ಬರ ಆಕ್ಷೇಪಣೆಗಳು ಒಂದೇ ಅಲ್ಲ. ಒಬ್ಬರಿಗೆ ಆಟವೇ ಸಲ್ಲದು. ಇನ್ನೊಬ್ಬಳಿಗೆ ಆಟದ ಖರ್ಚು ಸಲ್ಲದು. ಮೊದಲನೆಯ ಆಕ್ಷೇಪಣೆಯನ್ನು ನಾನು ಒಪ್ಪುವುದಿಲ್ಲ. ಎರಡನೆಯದನ್ನು ಪೂರ್ಣವಾಗಿ ಒಪ್ಪುತ್ತೇನೆ. ಹೀಗೇಕೆಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

ಮೊದಲು ಆಟದ ಮಾತು. ಅಮೇರಿಕದ ಲೂಯಿಸಾ ಮೇ ಆಲ್ಕಾಟ್ ಎಂಬಾಕೆ 1868ರಲ್ಲಿ ಪ್ರಕಟಿಸಿದ ‘ಲಿಟಲ್ ವಿಮೆನ್’ ಎಂಬ ಕಾದಂಬರಿಯನ್ನು ನಮ್ಮ ಗ್ರಂಥಾಲಯದಿಂದ ಒಯ್ದು ಓದಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಅದರ ಮೊದಲನೆಯ ಅಧ್ಯಾಯದಲ್ಲಿ ತಾಯಿಯು ತನ್ನ ನಾಲ್ವರು ಹೆಣ್ಣುಮಕ್ಕಳಿಗೆ ಅವರ ಚಿಕ್ಕಂದಿನ ಒಂದು ಆಟವನ್ನು ನೆನಪು ಮಾಡಿಕೊಡುತ್ತಾಳೆ. ಜಾನ್ ಬನಿಯನ್ನನು 1678ರಲ್ಲಿ ಪ್ರಕಟಿಸಿದ, ಹತ್ತೊಂಬತ್ತನೆಯ ಶತಮಾನದಲ್ಲಿಯೇ ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಿಂದ ಕನ್ನಡಕ್ಕೆ ಬಂದ ಗ್ರಂಥವನ್ನು ಆ ಮಕ್ಕಳು ಆಡುತ್ತಿದ್ದರು. ಓದುತ್ತಿದ್ದರೆಂದಲ್ಲ, ಆಡುತ್ತಿದ್ದರೆಂದೇ ಹೇಳುತ್ತೇನೆ. ತಾಯಿಯ ಚಿಂದಿಬಟ್ಟೆಯ ಚೀಲಗಳನ್ನು ಬೆನ್ನಿಗೆ ಕಟ್ಟಿಕೊಂಡರೆ ಅದೇ ಯಾತ್ರಿಕನ ಹೊರೆ. ಒಂದು ಟೋಪಿ, ಒಂದು ಕೋಲು, ಒಂದು ಕಾಗದದ ಸುರುಳಿ, ಇಷ್ಟೇ ಸಾಮಗ್ರಿ. ಮನೆಯ ನೆಲಮಾಳಿಗೆಯೇ ನಾಶನದ ಪಟ್ಟಣ. ಅಲ್ಲಿಂದ ಮೆಟ್ಟಲುಗಳನ್ನೇರಿ ಮಾಳಿಗೆಯ ಮೇಲಕ್ಕೆ ಬಂದರೆ ಅದೇ ಸ್ವರ್ಗೀಯ ಪಟ್ಟಣ. ಬನಿಯನ್ನನ ಪುಸ್ತಕವು ಹಗುರವಾದ ಓದಲ್ಲ. ದೊಡ್ಡವರೇ ತೂಕಡಿಸುವ ಪುಟಗಳು ಅದರಲ್ಲುಂಟು. ಆ ಚಿಂದಿಯ ಚೀಲವು ಇಲ್ಲದಿದ್ದರೆ ಆ ಸಣ್ಣ ಮಕ್ಕಳು ಅದನ್ನು ಅಷ್ಟು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಿದ್ದರೆಂದು ನನಗೆ ತೋರುವುದಿಲ್ಲ. ಇದೇ ಹುಡುಗಿಯರು ಬೆಳೆದ ಮೇಲೆ ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ ಕತೆಯ ಗೃಹಸ್ಥರ ಹೆಸರುಗಳನ್ನು ತಾವೇ ಇಟ್ಟುಕೊಂಡು, ಅಟ್ಟದ ಮೇಲೆ ಒಂದು ಸಂಘವನ್ನು ಸ್ಥಾಪಿಸಿ, ವಾರಕ್ಕೊಂದು ಪತ್ರಿಕೆಯನ್ನು ಕೈಬರಹದಲ್ಲಿ ಹೊರಡಿಸುತ್ತಾರೆ.

ಇದಕ್ಕಿಂತಲೂ ನನಗೆ ಪ್ರಿಯವಾದ ದೃಷ್ಟಾಂತವು ಕೆನಡಾ ದೇಶದ ಎಲ್. ಎಂ. ಮಾಂಟ್ಗೊಮರಿಯವರ ‘ಆನ್ ಆಫ್ ಗ್ರೀನ್ ಗೇಬಲ್ಸ್’ (1908) ಎಂಬ ಕಾದಂಬರಿಯಲ್ಲಿದೆ. ಕೆಂಪು ಕೂದಲಿನ ಅನಾಥ ಬಾಲಕಿ ಆನ್‌ಳೂ ಅವಳ ಗೆಳತಿಯರೂ ಟೆನಿಸನ್ ಕವಿಯ ಒಂದು ಕಥನಕಾವ್ಯವನ್ನು ಶಾಲೆಯಲ್ಲಿ ಪಠ್ಯವಾಗಿ ಓದಿದ್ದರು. ಪಾಠವು ಹೇಗೆ ನಡೆಯಿತೆಂದರೆ, ಪದವಿಭಾಗ ವಾಕ್ಯವಿಭಾಗಗಳಲ್ಲಿ ಕಾವ್ಯವು ಚೂರುಚೂರಾಗಿ ಹೋಗಿತ್ತು. (ಭಾಷೆಯನ್ನು ಕಲಿಸುವ ನಮ್ಮಂಥವರನ್ನು ಕುರಿತು ಲೇಖಕಿಯು ಮಾಡಿದ ಪರಿಹಾಸ್ಯವಿದು; ನಾವು ಅದಕ್ಕೆ ಅರ್ಹರೇ.) ಆದಾಗ್ಯೂ ಕತೆಯ ಜನರು ಆ ಹುಡುಗಿಯರ ಮನಸ್ಸಿನಲ್ಲಿ ಜೀವದಿಂದ ಉಳಿದರು. ಬೇಸಗೆಯಲ್ಲಿ ಒಂದು ದಿನ ಅವರು ಕೊಳದ ತಡಿಯಲ್ಲಿ ಆ ಕತೆಯನ್ನು ಆಡಲು ತೊಡಗಿದರು. ತೀರಿಕೊಂಡ ಎಲೇನ್ ಕನ್ಯೆಯನ್ನು ದೋಣಿಯಲ್ಲಿ ಮಲಗಿಸಿ ಹೊಳೆಯಲ್ಲಿ ತೇಲಿಬಿಡುವ ಪ್ರಸಂಗವದು. ಎಲೇನ್‌ಳ ಕೂದಲು ಹೊಂಬಣ್ಣದ್ದು, ಆನ್‌ಳದು ಕೆಂಪು. ಆದರೆ ಹೊಂಬಣ್ಣದ ಕೂದಲಿನ ಗೆಳತಿಗೆ ದೋಣಿಯೊಳಗೆ ಮಲಗಲು ಭಯ. ಆದ್ದರಿಂದ ಆನ್‌ಳೇ ಮಲಗಿದಳು. ದೋಣಿಗೆ ಹಾಸಲು ಗೆಳತಿಯ ತಾಯಿಯ ಹಳೆಯ ಕರಿಯ ಶಾಲು. ಚಿನ್ನದ ಹೊದಿಕೆಗೆ ಬದಲಾಗಿ ಪಿಯಾನೋ ವಾದ್ಯದ ಮೇಲೆ ಹೊದಿಸುವ ಹಳೆಯ ಹಳದಿ ಬಟ್ಟೆ. ಕೈಯಲ್ಲಿ ಹಿಡಿಯಲು ಬಿಳಿಯ ಲಿಲ್ಲಿ ಹೂವು ಸಿಕ್ಕದ್ದರಿಂದ ನೀಲಿಯ ಐರಿಸ್ ಹೂವು. ದೋಣಿಯು ಕೊಳದ ನಡುವೆ ಸೋರತೊಡಗಿತು. ಸತ್ತವಳು ಎದ್ದು ಸೇತುವೆಯ ಕಂಬವನ್ನು ಅಪ್ಪಿಕೊಂಡು ಜೀವವುಳಿಸಿಕೊಳ್ಳಬೇಕಾಯಿತು. ಮುಂದೆ ಯಾರು ಬಂದು ಅವಳನ್ನು ದಡ ಸೇರಿಸಿದರೆಂಬುದನ್ನು, ಓದದವರಿಗಾಗಿ, ನಾನು ಹೇಳುವುದಿಲ್ಲ.

ಇದರಲ್ಲಿ ಗಮನಿಸತಕ್ಕ ಅಂಶವೆಂದರೆ, ಅಂಗಡಿಯಿಂದ ಬಂದದ್ದು ಒಂದೂ ಇಲ್ಲ. ಶಾಲು ಹಳೆಯದು, ಹೊದಿಕೆ ಹಳೆಯದು, ಹೂವು ಬೇರೆಯದು, ಕೂದಲಿನ ಬಣ್ಣವೂ ಬೇರೆಯದು. ಪುಸ್ತಕದಲ್ಲಿರುವುದಕ್ಕೂ ತಮ್ಮ ಕೈಯಲ್ಲಿರುವುದಕ್ಕೂ ಇರುವ ಅಂತರವನ್ನು ಆ ಹುಡುಗಿಯರು ಮನಸ್ಸಿನಿಂದ ತುಂಬಿಕೊಂಡರು. ಓದುವಾಗ ನಾವು ಮಾಡುವುದೂ ಇದೇ ಕೆಲಸವಲ್ಲವೇ?

ಈ ಆನ್ ಎಂಬ ಹುಡುಗಿಯ ಹೆಸರು ಬಂದ ಮೇಲೆ, ನಮ್ಮಂಥದೇ ಒಂದು ಶಾಲೆಯ ವಿದ್ಯಾರ್ಥಿನಿಯ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಜಪಾನಿನ ಟೋಕಿಯೋ ನಗರದಲ್ಲಿ ಕೆನಡಾದ ಮೆಥೊಡಿಸ್ಟ್ ಮಿಶನ್ನಿನವರು 1884ರಲ್ಲಿ ಸ್ಥಾಪಿಸಿದ ತೋಯೋ ಏವಾ ಎಂಬ ಬಾಲಿಕಾ ಶಾಲೆಗೆ 1893ರಲ್ಲಿ ಹುಟ್ಟಿದ ಒಬ್ಬ ಬಡ ಹುಡುಗಿಯು ಹತ್ತನೆಯ ವಯಸ್ಸಿಗೆ ಬಂದು ಸೇರಿದಳು. ಶ್ರೀಮಂತರ ಮಕ್ಕಳು ಓದುವ ಶಾಲೆಯದು. ಇವಳು ಸಹಾಯವೇತನದಿಂದ ಓದಿದವಳು. ಶಾಲೆಯ ಗ್ರಂಥಾಲಯದ ಇಂಗ್ಲಿಷ್ ಪುಸ್ತಕಗಳೇ ಅವಳ ಸಂಪತ್ತಾದವು. ಈಕೆಯೇ ಮುಂದೆ ಮಕ್ಕಳ ಲೇಖಕಿಯೆಂದೂ ರೇಡಿಯೋದಲ್ಲಿ ಮಕ್ಕಳಿಗೆ ಮಾತನಾಡುವವರೆಂದೂ ಹೆಸರಾದ ಮುರಾವೋಕಾ ಹಾನಾಕೋ. 1939ರಲ್ಲಿ, ಜಪಾನನ್ನು ಬಿಟ್ಟು ಹೊರಟ ಕೆನಡಾದ ಮಿಶನರಿ ಮಹಿಳೆಯೊಬ್ಬರು ಗುರುತಿಗೆಂದು ತಮ್ಮ ‘ಆನ್’ ಪುಸ್ತಕವನ್ನು ಹಾನಾಕೋ ಅವರ ಕೈಗಿತ್ತರು. ಆಮೇಲೆ ಯುದ್ಧವು ಬಂತು. ಇಂಗ್ಲಿಷು ಶತ್ರುಗಳ ಭಾಷೆಯಾಯಿತು. ವಿಮಾನಗಳು ಬಾಂಬು ಸುರಿಸುವ ಆ ದಿನಗಳಲ್ಲಿಯೇ ಆಕೆ ಗುಟ್ಟಾಗಿ ಭಾಷಾಂತರವನ್ನು ನಡೆಸಿದರು. ಅದು 1952ರಲ್ಲಿ ‘ಕೆಂಗೂದಲಿನ ಆನ್’ ಎಂಬರ್ಥದ ಹೆಸರಿನಿಂದ ಪ್ರಕಟವಾಯಿತು.

ಜಪಾನಿನ ಹೆಣ್ಣುಮಕ್ಕಳು ಆ ಪುಸ್ತಕವನ್ನು ಓದಿ ಬದಿಗಿಡಲಿಲ್ಲ. 1979ರಲ್ಲಿ ಅದು ಚಲಿಸುವ ಚಿತ್ರಗಳ ಧಾರಾವಾಹಿಯಾಗಿ ದೂರದರ್ಶನದಲ್ಲಿ ಬಂತು. 2014ರಲ್ಲಿ ಭಾಷಾಂತರಕಾರ್ತಿಯ ಜೀವನವೇ ಮತ್ತೊಂದು ಧಾರಾವಾಹಿಯಾಯಿತು. ಆನ್‌ಳ ಕತೆ ನಡೆಯುವ ಪ್ರಿನ್ಸ್ ಎಡ್ವರ್ಡ್ ದ್ವೀಪಕ್ಕೆ, ಭೂಮಿಯ ಮತ್ತೊಂದು ಬದಿಯಿಂದ, ಅವರು ಯಾತ್ರೆ ಹೋಗುತ್ತಾರೆ. ಅಲ್ಲಿ ಕೆಂಪು ಜಡೆಗಳನ್ನು ಹೊಲಿದ ಹುಲ್ಲಿನ ಟೋಪಿ ದೊರೆಯುತ್ತದೆ. ಅದನ್ನು ತೊಟ್ಟು ಎಲ್ಲ ವಯಸ್ಸಿನವರೂ ಚಿತ್ರ ತೆಗೆಸಿಕೊಳ್ಳುತ್ತಾರೆ. ಕತೆಯಲ್ಲಿ ಬರುವ ತಿಂಡಿಪಾನೀಯಗಳಿಗೆ ಲೇಖಕಿಯ ಮೊಮ್ಮಗಳೇ 1985ರಲ್ಲಿ ಒಂದು ಅಡಿಗೆಯ ಪುಸ್ತಕವನ್ನು ಬರೆದಿದ್ದಾಳೆ. ತುಂಡುಬಟ್ಟೆಗಳನ್ನು ಕೂಡಿಸಿ ಹೊಲಿಯುವ ಕೌದಿಯ ಕೆಲಸವೆಂದರೆ ಕತೆಯ ಆನ್‌ಳಿಗೆ ಆಗದು. ಓದುಗರಾದರೋ ಅವಳ ಮೇಲಿನ ಪ್ರೀತಿಯಿಂದಲೇ ಕೌದಿ ಹೊಲಿಯುತ್ತಾರೆ. ಈ ವಿನೋದಕ್ಕೆ ಆನ್‌ಳೇ ಮೊದಲು ನಕ್ಕಾಳು.

ಇಂಥದನ್ನೆಲ್ಲ ಹುಚ್ಚೆಂದು ಕರೆಯುವುದು ಸುಲಭ. ನಾನೂ ಹಿಂದೆ ಹಾಗೆಯೇ ಕರೆದಿದ್ದೇನೆ. ಶಿಕ್ಷಕಿಯರ ತರಬೇತಿಯಲ್ಲಿದ್ದಾಗ, ಮಗುವಿನ ಆಟವೇ ಅದರ ಕಲಿಕೆಯೆಂಬ ಫ್ರೋಬೆಲ್ ಮಹಾಶಯನ ತತ್ತ್ವವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಗುಣಗಳನ್ನು ಪಡೆದೆನೇ ಹೊರತು, ಹೈಸ್ಕೂಲಿನ ಹುಡುಗಿಗೂ ಅದು ಸಲ್ಲುತ್ತದೆಂಬುದು ತಿಳಿಯಲು ಹದಿನೈದು ವರ್ಷ ಹಿಡಿಯಿತು. ತಿಳಿಸಿದ್ದು ಒಂದು ಮುರಿದ ಕೊಡೆ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ ಹಾರುವ ಓತಿಯ ಅನ್ವೇಷಣೆ ನಡೆಯುತ್ತದೆಂಬುದನ್ನು ನೀವೆಲ್ಲರೂ ಬಲ್ಲಿರಿ. ಎಂಟನೆಯ ತರಗತಿಯ ಮೂವರು ಹುಡುಗಿಯರು ಆ ಓತಿಯನ್ನು ಮಾಡುತ್ತೇವೆಂದು ಹೊರಟರು. ಒಬ್ಬಳ ಅಜ್ಜನ ಮುರಿದ ಕೊಡೆಯ ಬಟ್ಟೆಯೂ ಕಡ್ಡಿಗಳೂ ಅವರ ಸಾಮಗ್ರಿ. ಎರಡು ದಿನಗಳಲ್ಲಿ ಜಗಳ ಹತ್ತಿತು. ರೆಕ್ಕೆಯು ಹಕ್ಕಿಯ ರೆಕ್ಕೆಯಂತೆ ಕೈಗೆ ಅಂಟಿರುತ್ತದೆಂದು ಒಬ್ಬಳು, ಪಕ್ಕದ ಚರ್ಮವೇ ಹಿಗ್ಗುತ್ತದೆಂದು ಇನ್ನೊಬ್ಬಳು. ಪುಸ್ತಕವನ್ನು ತೆರೆದರು, ಪುಟ ಹುಡುಕಿದರು, ಸಾಲದೆ ವಿಜ್ಞಾನದ ಶಿಕ್ಷಕಿಯ ಬಳಿಗೆ ಓಡಿದರು. ಈ ಪ್ರಾಣಿಯು ಪಶ್ಚಿಮ ಘಟ್ಟದ ಕಾಡುಗಳಲ್ಲಿ ನಿಜವಾಗಿಯೂ ಇದೆಯೆಂದೂ, ಅದರ ನೀಳವಾದ ಪಕ್ಕೆಲುಬುಗಳೇ ಚರ್ಮವನ್ನು ಕೊಡೆಯ ಕಡ್ಡಿಗಳಂತೆ ಬಿಡಿಸಿ ಹಿಡಿಯುತ್ತವೆಂದೂ, ಹಾರುವುದೆಂದರೆ ಮರದಿಂದ ಮರಕ್ಕೆ ತೇಲುವುದೆಂದೂ ತಿಳಿದಾಗ ಮೂವರೂ ಬೆರಗಾದರು. ತಾವು ಅರಿಯದೆ ಆರಿಸಿಕೊಂಡ ಕೊಡೆಯೇ ಸರಿಯಾದ ಸಾಮಗ್ರಿಯಾಗಿತ್ತು! ಆ ಮೂವರು ಆ ಕಾದಂಬರಿಯನ್ನು ಒಂದು ಸಲ ಓದಿದ್ದರೆ, ಓತಿಯನ್ನು ಮಾಡಿ ಮುಗಿಸುವಷ್ಟರಲ್ಲಿ ಮೂರು ಸಲ ಓದಿದ್ದರು. ಪರೀಕ್ಷೆಗಾಗಿ ಎರಡನೆಯ ಸಲ ಓದಿರೆಂದು ನಾನು ಹೇಳಿದ್ದರೆ ಓದುತ್ತಿದ್ದರೇ? ನಿಮ್ಮ ಅನುಭವಕ್ಕೇ ಬಿಡುತ್ತೇನೆ.

ಪುಟಗುರುತಿನ ವಿಷಯವೂ ಹೀಗೆಯೇ. ನಮ್ಮ ಸೀಮೆಯ ಕಸೂತಿಯಲ್ಲಿ ಗವಂತಿ, ಮುರಗಿ ಎಂಬ ಹೊಲಿಗೆಗಳಿಗೆ ಗಂಟು ಹಾಕುವುದಿಲ್ಲ. ಎಳೆಗಳನ್ನು ಎಣಿಸಿ ಹೊಲಿಯುವುದರಿಂದ ಬಟ್ಟೆಯ ಎರಡೂ ಮಗ್ಗಲು ಒಂದೇ ತೆರನಾಗಿ ಕಾಣುತ್ತದೆ. ಎರಡೂ ಕಡೆಯಿಂದ ಕಣ್ಣಿಗೆ ಬೀಳುವ ಪುಟಗುರುತಿಗೆ ಇದಕ್ಕಿಂತ ಒಪ್ಪುವ ಹೊಲಿಗೆ ಯಾವುದಿದೆ? ಗೋಪುರ, ತೇರು, ಆನೆ ಮೊದಲಾದ ಹಳೆಯ ಚಿತ್ರಗಳನ್ನೇ ಬಿಡಿಸುತ್ತಿದ್ದ ಹುಡುಗಿಯರು ಈಗ ಕತೆಗೆ ತಕ್ಕ ಚಿತ್ರವನ್ನು ಚೌಕುಳಿಯ ಕಾಗದದ ಮೇಲೆ ತಾವೇ ಹೂಡಿಕೊಳ್ಳುತ್ತಾರೆ. ಸೂಜಿಯನ್ನೂ ಪುಸ್ತಕವನ್ನೂ ಒಂದಕ್ಕೊಂದು ವೈರಿಗಳೆಂದು ತಿಳಿಯುವ ಕಾಲವೊಂದಿತ್ತು. ಓದಿದ ಹುಡುಗಿಯು ಹೊಲಿಯಲಾರಳೆಂದೂ ಹೊಲಿಯುವವಳಿಗೆ ಓದೇಕೆಂದೂ ಹೇಳುತ್ತಿದ್ದರು. ಇಂಗ್ಲೆಂಡಿನ ಚಾಟನ್ ಎಂಬ ಹಳ್ಳಿಯಲ್ಲಿ ಕಾದಂಬರಿಕಾರ್ತಿ ಜೇನ್ ಆಸ್ಟೆನ್ನಳು ವಾಸಿಸಿದ ಮನೆಯು 1949ರಿಂದ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಅವಳೂ ಅವಳ ತಾಯಿಯೂ ಅಕ್ಕನೂ ಕೂಡಿ ಹೊಲಿದ ಕೌದಿಯನ್ನು ಜೋಪಾನವಾಗಿ ಇಟ್ಟಿದ್ದಾರೆ. ಕಾದಂಬರಿಯನ್ನು ಬರೆದ ಕೈಯೇ ಕೌದಿಯನ್ನೂ ಹೊಲಿದಿತ್ತು.

ದೊಡ್ಡವರು, ಪಂಡಿತರು ಇಂಥ ಆಟಗಳನ್ನು ಆಡುವುದಿಲ್ಲವೆಂದು ಯಾರೂ ತಿಳಿಯಬಾರದು. ಜೇಮ್ಸ್ ಜಾಯ್ಸನ ‘ಯುಲಿಸಿಸ್’ (1922) ಎಂಬ ಮಹಾ ಕಠಿಣವಾದ ಕಾದಂಬರಿಯು ಐರ್ಲೆಂಡಿನ ಡಬ್ಲಿನ್ ಪಟ್ಟಣದಲ್ಲಿ 1904ನೆಯ ಇಸವಿಯ ಜೂನ್ 16ರಂದು ನಡೆಯುವ ಕತೆ. ಆ ದಿನಕ್ಕೆ ಐವತ್ತು ವರ್ಷ ತುಂಬಿದ 1954ರಲ್ಲಿ ಕೆಲವರು ಸಾಹಿತಿಗಳು ಎರಡು ಕುದುರೆಗಾಡಿಗಳನ್ನು ಬಾಡಿಗೆಗೆ ಹಿಡಿದು, ಪಾತ್ರಗಳನ್ನು ತಮ್ಮೊಳಗೆ ಹಂಚಿಕೊಂಡು, ಕತೆ ನಡೆದ ಬೀದಿಗಳಲ್ಲೆಲ್ಲ ಸುತ್ತುವುದಕ್ಕೆ ಹೊರಟರು. ಯಾತ್ರೆಯು ಅರ್ಧ ದಾರಿಯಲ್ಲಿ ಒಂದು ಪಾನಗೃಹದಲ್ಲಿ ಮುಗಿಯಿತು. (ಇದನ್ನು ನಮ್ಮ ಹುಡುಗಿಯರಿಗೆ ಮಾದರಿಯೆಂದು ಹೇಳುತ್ತಿಲ್ಲವೆಂಬುದನ್ನು ಪಾಲಕರು ನಂಬಬೇಕು.) ಈಗ ಪ್ರತಿ ವರ್ಷವೂ ಆ ದಿನ ಸಾವಿರಾರು ಜನರು ಹುಲ್ಲಿನ ಟೋಪಿಯನ್ನು ಧರಿಸಿ ಆ ಬೀದಿಗಳಲ್ಲಿ ನಡೆದು, ಪುಸ್ತಕದ ಪುಟಗಳನ್ನು ಗಟ್ಟಿಯಾಗಿ ಓದುತ್ತಾರೆ. ಸ್ಪೇನ್ ದೇಶದ ಕತಲೋನಿಯಾ ಪ್ರಾಂತದಲ್ಲಿ ಏಪ್ರಿಲ್ 23ರಂದು ಪುಸ್ತಕವನ್ನೂ ಗುಲಾಬಿಯನ್ನೂ ಒಬ್ಬರಿಗೊಬ್ಬರು ಕೊಡುವ ವಾಡಿಕೆಯಿದೆ. 1995ರಲ್ಲಿ ಯುನೆಸ್ಕೊ ಸಂಸ್ಥೆಯು ಅದೇ ದಿನವನ್ನು ಜಗತ್ತಿಗೆಲ್ಲ ಪುಸ್ತಕದ ದಿನವೆಂದು ಗೊತ್ತುಪಡಿಸಿತು.

ನಮ್ಮವರಿಗಾದರೂ ಇದು ಹೊಸದೇ? ನವರಾತ್ರಿಯಲ್ಲಿ ಮೆಟ್ಟಲುಗಳ ಮೇಲೆ ರಾಮಾಯಣದ ಪ್ರಸಂಗಗಳನ್ನು ಬೊಂಬೆಗಳಲ್ಲಿ ಜೋಡಿಸುವ ಮನೆಗಳು ಎಷ್ಟಿಲ್ಲ! ಕರಾವಳಿಯಲ್ಲಿ ರಾತ್ರಿಯೆಲ್ಲ ಯಕ್ಷಗಾನ ನೋಡಿದ ಮಕ್ಕಳು ಬೆಳಗಾದರೆ ಅಡಿಕೆಯ ಹಾಳೆಯನ್ನು ಕತ್ತರಿಸಿ ಕಿರೀಟ ಮಾಡಿಕೊಂಡು ಅಂಗಳದಲ್ಲಿ ಕರ್ಣಾರ್ಜುನರಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆರ್. ಕೆ. ನಾರಾಯಣರ ಮಾಲ್ಗುಡಿಯು ಯಾವ ನಕಾಶೆಯಲ್ಲಿಯೂ ಇಲ್ಲದ ಊರು. ಆದರೆ ಶಂಕರ ನಾಗ್ ಅವರು ಆಗುಂಬೆಯ ಸುತ್ತಮುತ್ತ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯು 1986ರಲ್ಲಿ ದೂರದರ್ಶನದಲ್ಲಿ ಬಂದ ಮೇಲೆ, ಅದರಲ್ಲಿ ಕಾಣಿಸಿಕೊಂಡ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣವು ಜನರಿಗೆ ಮಾಲ್ಗುಡಿಯೇ ಆಯಿತು. 2020ರಲ್ಲಿ ಅದರ ಹಳೆಯ ಕಟ್ಟಡವನ್ನು ಮಾಲ್ಗುಡಿಯ ಸಂಗ್ರಹಾಲಯವನ್ನಾಗಿ ಮಾಡಿದರು. ಇಲ್ಲದ ಊರಿಗೆ ಒಂದು ನಿಲ್ದಾಣವನ್ನು ಒದಗಿಸಿದ ಓದುಗರು ನಾವು. ಹುಡುಗಿಯೊಬ್ಬಳು ಕೊಡೆಯ ಬಟ್ಟೆಯಿಂದ ಓತಿಯನ್ನು ಮಾಡಿದರೆ ಮೂಗು ಮುರಿಯಬಹುದೇ?

ಇನ್ನು ಎರಡನೆಯ ಆಕ್ಷೇಪಣೆ. ಇದನ್ನು ಬರೆಯುವಾಗ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ.

ನಮ್ಮ ಹಬ್ಬದ ಮೊದಲ ವರ್ಷ ನಾನೇ ಸಹಿ ಮಾಡಿ ಎಲ್ಲ ಮನೆಗಳಿಗೆ ಸುತ್ತೋಲೆ ಕಳುಹಿಸಿದೆ. ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಒಂದು ಪಾತ್ರದ ವೇಷದಲ್ಲಿ ಬರತಕ್ಕದ್ದೆಂದೂ, ಉತ್ತಮ ವೇಷಕ್ಕೆ ಬಹುಮಾನವಿದೆಯೆಂದೂ ಅದರಲ್ಲಿ ಬರೆದಿತ್ತು. ವೇಷ ಎಲ್ಲಿಂದ ಬರಬೇಕೆಂಬುದನ್ನು ನಾನು ಬರೆದಿರಲಿಲ್ಲ, ಆಲೋಚಿಸಿಯೂ ಇರಲಿಲ್ಲ. ಆ ದಿನ ಬೆಳಿಗ್ಗೆ ಅಂಗಳದಲ್ಲಿ ಮಖಮಲ್ಲು, ಜರಿ, ತಗಡಿನ ಕತ್ತಿಗಳು ಥಳಥಳಿಸಿದವು. ಕಿತ್ತೂರು ಚೆನ್ನಮ್ಮನ ವೇಷದಲ್ಲಿ ಬಂದ ಐದನೆಯ ತರಗತಿಯ ಮಗುವಿಗೆ ಮೊದಲ ಬಹುಮಾನವನ್ನು ನಾನೇ ಕೈಯಾರೆ ಕೊಟ್ಟೆ. ಯಾವ ಪುಸ್ತಕದಲ್ಲಿ ಓದಿದೆಯಮ್ಮಾ ಎಂದು ಕೇಳಿದರೆ ಆ ಮಗು, ‘ಪುಸ್ತಕ ಗೊತ್ತಿಲ್ರೀ ಟೀಚರ್, ಅಂಗಡಿಯೊಳಗ ನನ್ನ ಅಳತಿಗೆ ಇದೊಂದ ಇತ್ತು’ ಎಂದಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಮಗುವಿನ ತಪ್ಪೇನೂ ಇರಲಿಲ್ಲ.

ಆ ದಿನದ ಹಾಜರಿಯಲ್ಲಿ ಇಪ್ಪತ್ತಮೂರು ಮಂದಿ ಗೈರುಹಾಜರಿದ್ದರು. ಅವರಲ್ಲಿ ಏಳನೆಯ ತರಗತಿಯ ಒಬ್ಬಳ ಹೆಸರನ್ನು ನೋಡಿದಾಗ ನನಗೆ ಎಲ್ಲಿಯೋ ಚುಚ್ಚಿದಂತಾಯಿತು. ನಮ್ಮ ಗ್ರಂಥಾಲಯದ ಆ ವರ್ಷದ ವಹಿಯಲ್ಲಿ ಪುಟ ತಿರುವಿದಲ್ಲೆಲ್ಲ ಅವಳ ಹೆಸರೇ. ಮರುದಿನ ಅವಳ ತಾಯಿಯನ್ನು ಕರೆಯಿಸಿ, ಹುಡುಗಿಗೆ ಏನಾಗಿತ್ತೆಂದು ವಿಚಾರಿಸಿದೆ. ಆಕೆ ಮನೆಗೆಲಸ ಮಾಡಿ ಬಾಳುವವಳು. ಬಾಗಿಲ ಬಳಿಯೇ ನಿಂತು, ‘ಜಡ್ಡೇನಿಲ್ರೀ ಅಕ್ಕಾರ. ಬಾಡಿಗಿ ಮುನ್ನೂರು ರೂಪಾಯಿ ಅಂದ್ರು. ನನ್ನ ಕಡೆ ಇರಲಿಲ್ರೀ. ವೇಷ ಇಲ್ದ ಹೋದ್ರ ಹೆಸರು ಬರಕೋತಾರ ಅಂತ ಅಕಿ ಹೋಗಲೇ ಇಲ್ಲ’ ಎಂದಳು. ನಾನು ಕುಳಿತುಕೊಳ್ಳಿರೆಂದೆ. ಆಕೆ ಕುಳಿತುಕೊಳ್ಳಲಿಲ್ಲ.

ಪುಸ್ತಕದ ಹಬ್ಬದ ದಿನ, ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಪುಸ್ತಕ ಓದಿದವಳೇ ಮನೆಯಲ್ಲಿ ಅಡಗಿ ಕುಳಿತಳು, ಅಡಗಿಸಿದವಳು ನಾನು. ಆ ಹುಡುಗಿಯ ಮುಂದೆ ನಾನು ತಪ್ಪೊಪ್ಪಿಕೊಂಡೆ. ಅವಳು ತಲೆ ತಗ್ಗಿಸಿಕೊಂಡೇ, ತಾನು ಆಗಬೇಕೆಂದಿದ್ದ ಪಾತ್ರ ಯಾವುದೆಂದು ಹೇಳಿದಳು. ಅದಕ್ಕೆ ಮಖಮಲ್ಲೂ ಬೇಕಾಗಿರಲಿಲ್ಲ, ಕತ್ತಿಯೂ ಬೇಕಾಗಿರಲಿಲ್ಲ. ತಾಯಿಯ ಒಂದು ಹಳೆಯ ಸೀರೆ ಸಾಕಾಗಿತ್ತು. ಆದರೆ ಹಳೆಯ ಸೀರೆಯುಟ್ಟು ಬಂದರೆ ನಡೆಯುತ್ತದೆಂದು ನನ್ನ ಸುತ್ತೋಲೆಯು ಅವಳಿಗೆ ಹೇಳಿರಲಿಲ್ಲ.

ಇಂಗ್ಲೆಂಡಿನಲ್ಲಿಯೂ ಇದೇ ಕತೆಯೆಂದು ನಮ್ಮ ಹಳೆಯ ವಿದ್ಯಾರ್ಥಿನಿಯ ಪತ್ರದಿಂದ ತಿಳಿಯಿತು. ಅಲ್ಲಿ ಪುಸ್ತಕದ ದಿನವನ್ನು ನಡೆಸುವ ಧರ್ಮಸಂಸ್ಥೆಯು ಪ್ರತಿ ಮಗುವಿಗೆ ಒಂದು ಪೌಂಡಿನ ಚೀಟಿಯನ್ನು ಕೊಡುತ್ತದೆ. ಆ ಚೀಟಿಗೆ ಒಂದು ಪುಸ್ತಕವು ಪೂರ್ತಿ ಉಚಿತವಾಗಿ ದೊರೆಯುವಂತೆಯೂ ಏರ್ಪಾಡು ಮಾಡಿದೆ. ಎಷ್ಟು ಒಳ್ಳೆಯ ಕಾರ್ಯ! ಆದರೆ ಕಿರಾಣಿ ಮಳಿಗೆಗಳಲ್ಲಿ ಅದೇ ದಿನಕ್ಕಾಗಿ ಸಾಲಾಗಿ ತೂಗಹಾಕಿರುವ ಸಿದ್ಧ ವೇಷವೊಂದರ ಬೆಲೆಯು ಆ ಚೀಟಿಯ ಹತ್ತು ಪಟ್ಟಿಗೂ ಮೀರುತ್ತದೆ. ಅವುಗಳಲ್ಲಿ ಬಹಳಷ್ಟು ವೇಷಗಳು ಸಿನೇಮಾದಲ್ಲಿ ಕಂಡ ಪಾತ್ರಗಳದು. ಆ ಮಗು ಪುಸ್ತಕವನ್ನು ಮುಟ್ಟಿದೆಯೋ ಇಲ್ಲವೋ ಯಾರು ಬಲ್ಲರು? ಸಿನೇಮಾದ ಮೇಲೆ ನನಗೆ ದ್ವೇಷವಿಲ್ಲ. ಚಿತ್ರವನ್ನು ನೋಡಿ ಪುಸ್ತಕಕ್ಕೆ ಬಂದ ಹುಡುಗಿಯರು ನಮ್ಮಲ್ಲಿ ಎಷ್ಟೋ ಮಂದಿಯಿದ್ದಾರೆ, ಅವರಿಗೆ ಸ್ವಾಗತ. ಹಣ ಕೊಟ್ಟು ತೊಟ್ಟ ವೇಷವು ಮಾತ್ರ ಯಾರನ್ನೂ ಪುಟಕ್ಕೆ ಹ��ಂದಿರುಗಿಸುವುದಿಲ್ಲ. ಶಾಲಿನ ಬಣ್ಣ ಯಾವುದೆಂದು ಹುಡುಕುವ ಶ್ರಮವನ್ನು ಅಂಗಡಿಯವನೇ ಪಟ್ಟುಬಿಟ್ಟಿರುತ್ತಾನೆ.

ಆದಕಾರಣ ಎರಡನೆಯ ವರ್ಷದಿಂದ ನಮ್ಮಲ್ಲಿ ನಿಯಮ ಬದಲಾಗಿದೆ. ಕೊಂಡದ್ದೂ ಬಾಡಿಗೆಗೆ ತಂದದ್ದೂ ಕೂಡದು. ವೇಷ ಬೇಡವೆನ್ನುವವಳು ಪುಟಗುರುತು ಮಾಡಬಹುದು, ಬೊಂಬೆ ಮಾಡಬಹುದು, ಅಥವಾ ಬರಿಗೈಯಲ್ಲಿ ಬಂದು ತನಗೆ ಪ್ರಿಯವಾದ ಒಂದು ಪುಟವನ್ನು ಗಟ್ಟಿಯಾಗಿ ಓದಬಹುದು. ಬಹುಮಾನವನ್ನು ತೆಗೆದುಹಾಕಿದ್ದೇವೆ. ಇದರಿಂದ ಕೆಲವು ತಾಯಂದಿರಿಗೆ ಅಸಮಾಧಾನವಾಯಿತೆಂದು ಕೇಳಿದೆ. ಆಗಲಿ. ತಿಂಡಿಯ ಮೇಜಿನ ವಿಷಯದಲ್ಲಿ ಪರದೇಶದ ಒಂದು ವಾಡಿಕೆಯನ್ನು ಎರವಲು ತಂದಿದ್ದೇವೆ. 2000ನೆಯ ಇಸವಿಯಿಂದ ಹಲವು ದೇಶಗಳಲ್ಲಿ ಏಪ್ರಿಲ್ 1ರ ಸುಮಾರಿಗೆ ತಿನ್ನುವ ಪುಸ್ತಕಗಳ ಹಬ್ಬ ನಡೆಯುತ್ತದೆ. ಪುಸ್ತಕದ ಹೆಸರನ್ನು ತಿಂಡಿಯಲ್ಲಿ ಮಾಡಿ ತೋರಿಸಿ, ನೋಡಿದವರು ಹೆಸರನ್ನು ಊಹಿಸಿದ ಮೇಲೆ ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ. ನಮ್ಮ ಹುಡುಗಿಯೊಬ್ಬಳು ಅವಲಕ್ಕಿಯ ಗುಡ್ಡವನ್ನು ಮಾಡಿ, ನೆತ್ತಿಯ ಮೇಲೆ ಒಂದೇ ಒಂದು ಗೋಡಂಬಿಯನ್ನು ನಿಲ್ಲಿಸಿ ‘ಬೆಟ್ಟದ ಜೀವ’ ಎಂದಳು. ಇನ್ನೊಬ್ಬಳು ಬೇರೆ ಯಾವುದೋ ಪುಸ್ತಕಕ್ಕೆಂದು ರವೆಯ ಲಾಡುಗಳನ್ನು ತರುತ್ತಿದ್ದವಳು ಅಂಗಳದಲ್ಲಿ ಎಡವಿದಳು. ಲಾಡುಗಳೆಲ್ಲ ನೆಲದ ಪಾಲಾದವು. ಅಳುವ ಮುಖ ಮಾಡಿಕೊಂಡು ನಿಂತವಳ ಪಕ್ಕದಲ್ಲಿ ಗೆಳತಿಯು ಗಂಭೀರವಾಗಿ ಒಂದು ಚೀಟಿ ಬರೆದು ಅಲ್ಲಿಯೇ ನೆಟ್ಟಳು: ‘ಮರಳಿ ಮಣ್ಣಿಗೆ’. ಶಿವರಾಮ ಕಾರಂತರ ಎರಡು ಕಾದಂಬರಿಗಳಿಗೂ ಆ ವಾರ ಗ್ರಂಥಾಲಯದಲ್ಲಿ ಸರದಿ ಹತ್ತಿತು.

ನನಗೆ ಪತ್ರ ಬರೆದ ಮಹನೀಯರು ಇಷ್ಟರಿಂದ ಒಪ್ಪುವರೆಂದು ನಾನು ಹೇಳಲಾರೆ. ಹಬ್ಬದಿಂದ ಹುಡುಗಿಯರ ಗುಣಗಳು ಹೆಚ್ಚುತ್ತವೆಯೇ ಎಂದು ಅವರು ಮತ್ತೆ ಕೇಳಿದರು. ಹೆಚ್ಚುತ್ತವೆಂದು ಹೇಳಲು ನನ್ನಲ್ಲಿ ಯಾವ ಲೆಕ್ಕವೂ ಇಲ್ಲ. ಇಲ್ಲದ ಲೆಕ್ಕವನ್ನು ತೋರಿಸಲಾರೆ. ಅವರ ಮಾತಿನಲ್ಲಿ ನಿಜದ ಅಂಶವೊಂದಿದೆ: ಪುಟಗುರುತನ್ನು ಸೊಗಸಾಗಿ ಹೊಲಿದು ಪುಸ್ತಕವನ್ನು ತೆರೆಯದೆ ಇಡುವವರೂ ಉಂಟು, ಹಾರುವ ಓತಿಯ ಚಿತ್ರವನ್ನು ಚೀಲದ ಮೇಲೆ ಬಿಡಿಸಿಕೊಂಡು ‘ಕರ್ವಾಲೊ’ವನ್ನು ಓದದವರೂ ಉಂಟು. ಅಂಥವರನ್ನು ಕಂಡಾಗ ನನಗೂ ಅವರಂತೆಯೇ ಸಿಟ್ಟು ಬರುತ್ತದೆ. ಆದ್ದರಿಂದ, ಮಾಡಿದ್ದನ್ನು ಮೇಜಿನ ಮೇಲಿಡುವ ಮೊದಲು, ಅದು ಯಾವ ಪುಟದಿಂದ ಬಂತೆಂಬುದನ್ನು ಪ್ರತಿಯೊಬ್ಬಳೂ ಗ್ರಂಥಪಾಲಿಕೆಗೆ ತೋರಿಸತಕ್ಕದ್ದೆಂದು ಈ ವರ್ಷದಿಂದ ಗೊತ್ತುಮಾಡಿದ್ದೇವೆ. ಹತ್ತನೆಯ ತರಗತಿಯವರು ಇಚ್ಛೆಯಿದ್ದರೆ ಬರಬಹುದು. ಇಲ್ಲವಾದರೆ ಮೇಲಿನ ಕೋಣೆಯಲ್ಲಿ ಅಭ್ಯಾಸ ಮಾಡಬಹುದು. ಕಳೆದ ವರ್ಷ ಆ ಮಹನೀಯರ ಮಗಳು ಅಲ್ಲಿಯೇ ಕುಳಿತು ಅಭ್ಯಾಸ ಮಾಡಿದಳು. ಮಧ್ಯಾಹ್ನ ಎರಡು ಸಲ ನೀರು ಕುಡಿಯುವ ನೆವದಿಂದ ಕೆಳಗೆ ಬಂದುಹೋದಳೆಂಬುದನ್ನು ಇಲ್ಲಿ ಬರೆದರೆ ಅವರು ಕ್ಷಮಿಸುವರೆಂದು ನಂಬುತ್ತೇನೆ.

ಕಡೆಯದಾಗಿ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಅರಿಕೆ. ಗ್ರಂಥಾಲಯದ ಪಡಸಾಲೆಯಲ್ಲಿ, ಹಿಂದೆ ಹೊಲಿಗೆಯ ತರಗತಿಯ ಸಾಮಾನುಗಳನ್ನಿಡುತ್ತಿದ್ದ ಆ ಉದ್ದನೆಯ ಮರದ ಪೆಟ್ಟಿಗೆ ನಿಮ್ಮ ನೆನಪಿನಲ್ಲಿರಬಹುದು. ನಿಮ್ಮಲ್ಲಿ ಕೆಲವರು ಅದರ ಮೇಲೆ ಕುಳಿತು ಬೈಸಿಕೊಂಡಿದ್ದೀರಿ. ಅದನ್ನೀಗ ಚಿಂದಿಯ ಪೆಟ್ಟಿಗೆಯನ್ನಾಗಿ ಮಾಡಿದ್ದೇವೆ. ಯಾರ ಮನೆಯಿಂದ ಏನು ಬಂತೆಂದು ಬರೆದಿಡುವುದಿಲ್ಲ. ಯಾರು ಏನನ್ನು ತೆಗೆದುಕೊಂಡರೆಂದೂ ಬರೆದಿಡುವುದಿಲ್ಲ. ಬೀಗವನ್ನೂ ಹಾಕುವುದಿಲ್ಲ. ನಿಮ್ಮಲ್ಲಿರುವ ಹಳೆಯ ಸೀರೆ, ಶಾಲು, ಗುಂಡಿಗಳು, ಉಳಿದ ಕಸೂತಿಯ ನೂಲು, ರಟ್ಟಿನ ಡಬ್ಬಿ, ಹರಿದ ಪರದೆ ಇವುಗಳನ್ನು ಒಗೆದು ಒಣಗಿಸಬಹುದಾದಷ್ಟನ್ನು ಒಗೆದು, ಅಕ್ಟೋಬರ ತಿಂಗಳು ಮುಗಿಯುವುದರೊಳಗೆ ತಲುಪಿಸಿರಿ. ಚಮಕಿ ಹಚ್ಚಿದ ಸಿದ್ಧ ವೇಷಗಳನ್ನು ದಯಮಾಡಿ ಕಳುಹಿಸಬೇಡಿರಿ. ಮುರಿದ ಕೊಡೆಗಳು ಈ ಸಲ ವಿಶೇಷವಾಗಿ ಬೇಕಾಗಿವೆ. ಎಂಟನೆಯ ತರಗತಿಯವರು ಒಂದಲ್ಲ, ಹನ್ನೊಂದು ಓತಿಗಳನ್ನು ಹಾರಿಸುತ್ತಾರಂತೆ.